ಗುರುತು ಹೊರಗಿದ್ದ ಗಂಟು

ಅಥವಾ ತಾನೇ ತೆಗೆದು ಬೇರೆಲ್ಲಾದರೂ ಇಟ್ಟಿದ್ದನೇ? ಮೊನ್ನೆ ಧೂಳು ಹೊಡೆಯುವಾಗ? ಇಲ್ಲ, ಧೂಳು ಹೊಡೆದದ್ದು ಅವಳು. ತಾನು ಸ್ಟೂಲು ಹಿಡಿದುಕೊಂಡು ನಿಂತಿದ್ದನಷ್ಟೆ. ಆಮೇಲೆ ಗಂಟನ್ನು ಅವಳು ಇಟ್ಟದ್ದು ಇದ್ದ ಜಾಗದಲ್ಲೇ. ಕಣ್ಣಾರೆ ಕಂಡದ್ದು. ನಿಜವಾಗಿ ಕಂಡದ್ದೋ, ಕಂಡ ಹಾಗೆ ಈಗ ಅನಿಸುತ್ತಿರುವುದೋ?

ಇಸ್ತ್ರಿಯಣ್ಣ ಅದೇ ಸ್ಟೂಲಿನ ಮೇಲೆ ನಿಂತು ಬೀರುವಿನ ನೆತ್ತಿಯನ್ನು ಅಂಗೈಯಿಂದ ಸವರುತ್ತಿದ್ದ. ಒಂದು ಸಲ ಸವರಿದರೆ ಸಿಗದ್ದು ಎರಡನೆಯ ಸಲಕ್ಕೆ ಸಿಗುತ್ತದೆ ಎಂಬಂತೆ ಮತ್ತೆ ಮತ್ತೆ ಸವರಿದ. ಧೂಳೂ ಸಿಗಲಿಲ್ಲ. ಅಷ್ಟು ಚೊಕ್ಕಟವಾಗಿ ಒರೆಸಿದ್ದಳು ಹೆಂಡತಿ.

ಬಾಲಯೇಸು ಇರಲಿಲ್ಲ.

ಹೊರಗೆ ಮಧ್ಯಾಹ್ನದ ಬಿಸಿಲು ಇಳಿಮುಖವಾಗಿತ್ತು. ಸಂಜೆಯ ಗಂಟೆ ಬಾರಿಸುತ್ತಲೇ ಹಾಡಿನ ತಂಡ, ಅದರ ಹಿಂದೆ ಇಡೀ ಸಭೆ ಮೇಣದ ಬತ್ತಿ ಹಿಡಿದು ಈ ಬಾಗಿಲಿಗೆ ಬರುತ್ತದೆ. ಬಂದವರ ಕೈಗೆ ಏನು ಕೊಡುವುದು?

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಚರ್ಚಿನ ಗೋದಲಿಯಲ್ಲಿ, ಅಂದರೆ ಹುಲ್ಲು ಹಾಸಿದ ಆ ಮರದ ತೊಟ್ಟಿಯಲ್ಲಿ, ಮಲಗಿಸುವ ಮಗುವನ್ನು ಯೇಸು ಹುಟ್ಟಿದ ಹಬ್ಬ ಮುಗಿದ ಮೇಲೆ ಚರ್ಚಿನಲ್ಲಿ ಬಿಡುವುದಿಲ್ಲ. ಚೀಟಿ ಎತ್ತಿ, ಬಂದ ಮನೆಯವರಿಗೆ ಕೊಡುತ್ತಾರೆ. ಮುಂದಿನ ಹಬ್ಬದ ಸಂಜೆ ಸಭೆಯೇ ಬಂದು ಕರೆದೊಯ್ಯುವವರೆಗೆ ಅವರು ಅದನ್ನು ಸಾಕಬೇಕು. ಸಾಕುವುದು ಎಂದೇ ಎಲ್ಲರೂ ಅನ್ನುತ್ತಿದ್ದುದು. ಮರದ ಮಗು, ಹುಟ್ಟಿದ ಕೂಸಿನಷ್ಟೇ ಉದ್ದ, ಕೆನ್ನೆಯ ಬಣ್ಣ ಸ್ವಲ್ಪ ಎದ್ದಿದೆ, ಎಡಗೈ ಕಿರುಬೆರಳು ಎಂದೋ ಮುರಿದು ಮತ್ತೆ ಅಂಟಿಸಿದ್ದು. ಇಷ್ಟು ವರ್ಷ ಅದು ದೊಡ್ಡ ರಸ್ತೆಯ ದೊಡ್ಡ ಮನೆಗಳಲ್ಲೇ ಬೆಳೆದದ್ದು. ಲಾಂಡ್ರಿ ಓಣಿಗೆ ಬಂದದ್ದು ಇದೇ ಮೊದಲು.

ಚೀಟಿ ಬಂದ ದಿನ ಇಸ್ತ್ರಿಯಣ್ಣ ಒಂದು ಮಾತು ಕೇಳಿಸಿಕೊಂಡಿದ್ದ. ಪೀಠಕ್ಕೆ ಹಾಸುವ ಬಟ್ಟೆಗಳಿಗೆ ಇಸ್ತ್ರಿ ಹಾಕಿ ತಂದು ಚರ್ಚಿನ ಹಿಂಬದಿಯ ಕೋಣೆಯಲ್ಲಿ ಜೋಡಿಸುತ್ತಿದ್ದ. ಪರದೆಯ ಆಚೆ ಗುರುಗಳ ಜೊತೆ ಹೆಡ್‌ಮಾಸ್ತರು ಮಾತಾಡುತ್ತಿದ್ದರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಊರಿಗೆ ಅವರು ಹೆಡ್‌ಮಾಸ್ತರೇ, ಸಭೆಗೆ ಹಿರಿಯರು.

"ಬೇಡ ಅಂತಲ್ಲ ಫಾದರ್," ಅಂದಿದ್ದರು. "ಒಳ್ಳೇ ಜನ. ಆದ್ರೆ ಪಾಪ, ಅವರ ಮನೇಲಿ ಜಾಗ ಎಲ್ಲಿದೆ?"

"ಚೀಟಿ ಬಂದಿದೆಯಲ್ಲ ಸಾರ್, ಹೋಗಲಿ," ಅಂದಿದ್ದರು ಗುರುಗಳು.

ಅಷ್ಟೇ. ಬೈಗುಳವಲ್ಲ, ಕುಹಕವಲ್ಲ. ಕನಿಕರದಿಂದ ಬಂದ ಮಾತು. ಅದೇ ಅವನಿಗೆ ಮುಳ್ಳಾಯಿತು. ವರ್ಷವಿಡೀ, ಹಬೆ ಏಳುವ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸುತ್ತ ಆ ಮಾತಿಗೆ ಉತ್ತರ ತಯಾರಿಸುತ್ತಿದ್ದ. ಒಂದೊಂದು ಉತ್ತರವನ್ನೂ ಮಡಿಕೆ ಬೀಳದಂತೆ ತೀಡಿ ತೀಡಿ ಇಟ್ಟುಕೊಂಡಿದ್ದ. 'ಜಾಗ ಇಲ್ಲ ಅಂತ ಮರಿಯಮ್ಮನಿಗೂ ಛತ್ರದವರು ಹೇಳಿದ್ರು ಸಾರ್, ಆಮೇಲೆ ಏನಾಯ್ತು ಗೊತ್ತಲ್ಲ?' ಇದು ಅವನಿಗೆ ಬಹಳ ಇಷ್ಟವಾದದ್ದು. ಮಗುವನ್ನು ಹಬ್ಬದ ಸಂಜೆ ಒಂದು ಗೀರೂ ಇಲ್ಲದೆ ಒಪ್ಪಿಸಿ, ಎಲ್ಲರ ಎದುರಿಗೆ, ನಗುನಗುತ್ತಲೇ ಇದನ್ನು ಹೇಳಬೇಕು ಎಂದುಕೊಂಡಿದ್ದ.

ಈಗ ಬೀರುವಿನ ಮೇಲೆ ನಿಜಕ್ಕೂ ಜಾಗವೊಂದೇ ಇತ್ತು.

"ಏನ್ರೀ, ಕೋತಿ ಹಾಗೆ ಮೇಲೇ ನಿಂತ್ಬಿಟ್ರಿ? ಮಗೂನ ಇಳಿಸಿ ಕೊಡಿ, ಮುಖ ಒರೆಸ್ತೀನಿ," ಎನ್ನುತ್ತ ಹೆಂಡತಿ ಒದ್ದೆ ಬಟ್ಟೆ ಹಿಡಿದು ಒಳಬಂದಳು.

"ಎಲ್ಲಿಟ್ಟೆ?"

"ಅಲ್ಲೇ."

"ಅಲ್ಲಿಲ್ಲ."

"ಅಲ್ಲಿಲ್ದೆ ಎದ್ದು ನಡ್ಕೊಂಡು ಹೋಯ್ತಾ? ಸರಿಯಾಗಿ ನೋಡಿ."

ಅವನು ಸ್ಟೂಲಿನಿಂದ ಇಳಿದ. ಅವಳು ಹತ್ತಿದಳು. ಅವಳೂ ಸವರಿದಳು. ಇಳಿದು ಬಂದಾಗ ಅವಳ ಮುಖ ಒಗೆದು ಹಿಂಡಿದಂತಿತ್ತು.

ಇಬ್ಬರ ಕಣ್ಣೂ ಒಟ್ಟಿಗೆ ಹೊರಕೋಣೆಯ ಕಡೆ ತಿರುಗಿದವು. ಹಬ್ಬದ ಹಿಂದಿನ ವಾರ ಲಾಂಡ್ರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಗೆದು ಮಡಿಸಿದ ಆಸ್ಪತ್ರೆಯ ಗಂಟುಗಳನ್ನು ಮನೆಯ ಹೊರಕೋಣೆಯಲ್ಲೇ ಪೇರಿಸುತ್ತಾರೆ. ಬೆಳಿಗ್ಗೆ ಅಲ್ಲಿ ಗುಡ್ಡದಷ್ಟಿದ್ದವು. ಈಗ ಬರೀ ನೆಲ.

"ನಿನ್ನ ತಮ್ಮ ಬಂದಿದ್ನಾ?"

"ಬಂದ. ನಾನು ಹಿತ್ತಲಲ್ಲಿದ್ದೆ. ಅಕ್ಕಾ ಎಲ್ಲಾ ತಗೊಂಡೆ ಅಂತ ಕೂಗಿ ಹೋದ." ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಎಲ್ಲಾ ಅಂದ!"

ಆಗ ಇಸ್ತ್ರಿಯಣ್ಣನಿಗೆ ಹೊಳೆಯಿತು.

ಮಗುವಿನ ಜೊತೆಗೆ ಒಂದು ಪೆಟ್ಟಿಗೆಯೂ ಬಂದಿತ್ತು. ಹೆಡ್‌ಮಾಸ್ತರು ತಮ್ಮ ಖರ್ಚಿನಲ್ಲಿ ಮಾಡಿಸಿದ, ಒಳಗೆಲ್ಲ ಕೆಂಪು ಮಖಮಲ್ಲಿನ ಪೆಟ್ಟಿಗೆ. ಹೆಂಡತಿ ಮೊದಲ ದಿನವೇ ಅದನ್ನು ಮಂಚದ ಕೆಳಗೆ ತಳ್ಳಿದ್ದಳು. "ಕೂಸನ್ನ ಪೆಟ್ಟಿಗೇಲಿ ಹಾಕಿ ಮುಚ್ಚಳ ಮುಚ್ತಾರಾ? ಉಸಿರು ಕಟ್ಟಲ್ವಾ?" ಎಂದು, ಹರಿದು ಲೆಕ್ಕದಿಂದ ಬಿಟ್ಟ ಆಸ್ಪತ್ರೆಯ ಹಾಸಿಗೆ ಬಟ್ಟೆಯೊಂದನ್ನು ಕುದಿಸಿ, ಗಂಜಿ ಹಾಕಿ, ಮೆತ್ತಗೆ ಇಸ್ತ್ರಿ ಮಾಡಿ, ಅದರಲ್ಲಿ ಸುತ್ತಿ ಗಂಟು ಹಾಕಿದ್ದಳು. ಅವಳ ಕೈಗೆ ಬರುವುದು ಒಂದೇ ಗಂಟು, ನಾಲ್ಕು ಮೂಲೆ ಸೇರಿಸಿ ಕಟ್ಟುವ ಲಾಂಡ್ರಿ ಗಂಟು. ಬಟ್ಟೆಯ ಮೂಲೆಯಲ್ಲಿ ಆಸ್ಪತ್ರೆಯ ನೀಲಿ ಗುರುತು. ಅವರ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಗುರುತು ಒಳಗೆ ಮಾಡಿ ಕಟ್ಟಿದರೆ ಕೊಳೆ ಬಟ್ಟೆ, ಹೊರಗೆ ಮಾಡಿ ಕಟ್ಟಿದರೆ ಮಡಿ. ದೇವರ ಮಗುವನ್ನು ಕೊಳೆ ಗಂಟಿನ ಹಾಗೆ ಕಟ್ಟಲು ಕೈ ಬರುತ್ತದೆಯೇ? ಗುರುತು ಹೊರಗೆ ಮಾಡಿಯೇ ಕಟ್ಟಿದ್ದಳು.

ಮಡಿ ಗಂಟು ಎಂದರೆ, ಒಯ್ದು ಕೊಡಬೇಕಾದ ಗಂಟು.

ಭಾಮೈದನಿಗೆ ಊರವರು ಇಟ್ಟ ಹೆಸರು ಹಾರನ್. ಎದುರಿಗೆ ಯಾರಿಲ್ಲದಿದ್ದರೂ ವ್ಯಾನಿನ ಹಾರನ್ ಒತ್ತದೆ ಅವನಿಗೆ ಕೈ ತಡೆಯದು. ಎಷ್ಟು ಸಲ ಫೋನ್ ಮಾಡಿದರೂ ಅದೇ ಸದ್ದಿನಲ್ಲಿ ಅವನಿಗೆ ಕೇಳಿಸುತ್ತಿರಲಿಲ್ಲ. ಕೊನೆಗೂ ಎತ್ತಿದ.

"ಹೇಳಿ ಭಾವಾ, ಗಾಡೀಲಿದ್ದೀನಿ!"

"ಬೆಳಿಗ್ಗೆ ಮನೆಯಿಂದ ಏನೇನು ತಗೊಂಡು ಹೋದೆ?"

"ಗಂಟುಗಳು. ಇನ್ನೇನು, ಬಂಗಾರ ಇಟ್ಟಿದ್ರಾ?"

"ಬೀರು ಮೇಲಿಂದು?"

"ಅದೂನೂ. ಮರ್ತೇಬಿಟ್ಟಿದ್ರಿ ನೀವು. ಗುರುತು ಹೊರಗಿತ್ತು, ಒಯ್ದು ಕೊಟ್ಟೆ. ಹೊಗಳಿಕೆ ಏನೂ ಬೇಡ ಬಿಡಿ."

"ಹಾರನ್, ಅದರಲ್ಲಿ ಮಗು ಇತ್ತು ಕಣೋ."

ಅವನ ವ್ಯಾನಿನ ಬದುಕಿನಲ್ಲೇ ಮೊದಲ ಸಲ ಎಂಬಂತೆ ಆ ಕಡೆ ಹಾರನ್ ಸದ್ದು ನಿಂತಿತು.

"ಯಾರ ಮಗು?"

"ಯಾರ ಮಗು ಅಂದ್ರೆ! ಮರಿಯಮ್ಮನ ಮಗು!"

"ಅಯ್ಯಯ್ಯೋ," ಅಂದ ಹಾರನ್. "ಅದಕ್ಕೇ ಭಾರ ಇತ್ತು. ಅಕ್ಕ ದಪ್ಪ ಟವೆಲ್ ಕಟ್ಟಿದ್ದಾಳೆ ಅಂದ್ಕೊಂಡೆ. ಓಣಿ ಬಾಯಿಗೆ ಬನ್ನಿ ಭಾವಾ, ಬಂದೆ!"

ಇಸ್ತ್ರಿಯಣ್ಣ ಚಪ್ಪಲಿ ಹುಡುಕುತ್ತ ಹೆಂಡತಿಯ ಮೇಲೆ ರೇಗಿದ. "ಪೆಟ್ಟಿಗೇಲಿ ಇಟ್ಟಿದ್ರೆ ಈ ಗತಿ ಬರ್ತಿತ್ತಾ? ಮರದ್ದಕ್ಕೆ ಉಸಿರಂತೆ, ಉಸಿರು!"

"ಹೌದು, ಮರದ್ದು," ಅಂದಳು ಅವಳು. ಕಣ್ಣು ತುಂಬಿದ್ದರೂ ನಾಲಿಗೆ ಸೋತಿರಲಿಲ್ಲ. "ದಿನಾ ದೀಪ ಆರಿಸುವಾಗ ಬೀರು ಕಡೆ ತಿರುಗಿ, ಮಲಕ್ಕೋ ಮರಿ ಅಂತ ಹೇಳ್ತಿದ್ದೋರು ಯಾರು? ಪಕ್ಕದ ಮನೆಯೋರಾ?"

ಅವನು ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಅವಳದು, ಸಿಕ್ಕ ಚಪ್ಪಲಿ ಮೆಟ್ಟಿ ಓಡಿದ.

"ಹಾಡಿನವರು ಬಂದ್ರೆ ಏನ್ ಹೇಳ್ಲಿ?" ಹಿಂದಿನಿಂದ ಅವಳ ದನಿ.

"ಏನೂ ಹೇಳ್ಬೇಡ! ಕಾಫಿ ಕೊಡು! ಹಾಡ್ಸು!"

ವ್ಯಾನಿನಲ್ಲಿ ಹಾರನ್ ಬಾಯಿಂದ ಮಾತಿಲ್ಲ, ಕೈಯಿಂದ ಮಾತ್ರ ಎಡೆಬಿಡದ ಸದ್ದು. ಹಬ್ಬದ ಮುಂಚಿನ ಸಂತೆಯಂಥ ರಸ್ತೆ. ಜನ ಎರಡೂ ಕಡೆ ಸಿಡಿದು ಬೈದರು. ಇಸ್ತ್ರಿಯಣ್ಣ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಎಲ್ಲರಿಗೂ ಕೈ ಮುಗಿಯುತ್ತಿದ್ದ. ಮನಸ್ಸಿನೊಳಗೆ ಒಂದೇ ಚಿತ್ರ: ಹೆಡ್‌ಮಾಸ್ತರು ಖಾಲಿ ಬೀರುವನ್ನು ನೋಡುತ್ತಾರೆ. ಏನೂ ಅನ್ನುವುದಿಲ್ಲ. ಅವರು ಏನೂ ಅನ್ನದಿರುವುದೇ ಎಲ್ಲಕ್ಕಿಂತ ಕೆಟ್ಟದ್ದು. ಇನ್ನು ಮುಂದೆ ಓಣಿಯವರ ಹೆಸರಿನ ಚೀಟಿಯನ್ನು ಯಾರೂ ಡಬ್ಬಿಗೆ ಹಾಕಲಿಕ್ಕಿಲ್ಲ. ಅದೂ ಕನಿಕರದಿಂದಲೇ.

ಆಸ್ಪತ್ರೆಯ ಹಿಂಬಾಗಿಲಲ್ಲಿ ಬಟ್ಟೆ ಕೋಣೆ. ಅಲ್ಲಿನ ಹೆಂಗಸು ಗಂಟು ಎಂಬ ಮಾತು ಬಾಯಿಂದ ಬಿದ್ದದ್ದೇ ಕೈ ಝಾಡಿಸಿದಳು.

"ಒಂದೂ ಉಳಿದಿಲ್ಲಪ್ಪಾ. ಮೇಲೆಲ್ಲ ವಾರ್ಡು ತುಂಬಿ ಚೆಲ್ತಿದೆ. ಬಂದ ಹಾಗೇ ಮೇಲೆ ಹೋಯ್ತು."

"ಯಾವ ವಾರ್ಡಿಗೆ ಅಮ್ಮಾ?"

"ಕೊನೇ ಗಾಡಿ ಹೆರಿಗೆ ವಾರ್ಡಿಗೆ."

ಹಾರನ್ ಭಾವನ ಮುಖ ನೋಡಿದ. "ಸರಿಯಾದ ಕಡೆಗೇ ಹೋಗಿದೆ ಭಾವಾ," ಅಂದ. ಒಂದು ಏಟು ಬೀಳುವುದರೊಳಗೆ ಮೆಟ್ಟಿಲು ಹತ್ತಿದ್ದ.

ಹೆರಿಗೆ ವಾರ್ಡಿನ ಬಾಗಿಲಲ್ಲೇ ಅವರಿಗೆ ನಗು ಕೇಳಿಸಿತು. ನೋವಿನ ವಾರ್ಡಿನಿಂದ ಬರುವ ಸದ್ದೇ ಅಲ್ಲ ಅದು. ಮಂಚದಿಂದ ಮಂಚಕ್ಕೆ ಹಬ್ಬುತ್ತಿದ್ದ ನಗು. ಹೊಟ್ಟೆಯ ಹೊಲಿಗೆ ಒತ್ತಿ ಹಿಡಿದುಕೊಂಡು, "ಸಾಕು ಸಿಸ್ಟರ್, ನಗಿಸ್ಬೇಡಿ, ನೋಯುತ್ತೆ," ಎಂದು ಬಾಣಂತಿಯರು ಗೋಗರೆಯುತ್ತಿದ್ದರು. ನಡುವೆ ಸೊಂಟಕ್ಕೆ ಕೈಯಿಟ್ಟು ಹಿರಿಯ ದಾದಿ ನಿಂತಿದ್ದಳು.

"ಯಾರು ನೀವು? ಗಂಡಸರಿಗೆ ಈಗ ಸಮಯ ಅಲ್ಲ."

"ನಮ್ಮ ಮಗು... ಗಂಟಲ್ಲಿ..." ಇಸ್ತ್ರಿಯಣ್ಣ ಏದುಸಿರು ಬಿಡುತ್ತಲೇ ಅಂದ.

"ಓಹೋ! ನಿಮ್ಮದಾ ಅದು?" ದಾದಿಯ ಕಣ್ಣು ಕಿರಿದಾಯಿತು. "ಗಂಟು ಬಿಚ್ಚಿದ್ರೆ ಒಂದು ಕಾಲು ಕಂಡಿತು ನನಗೆ. ಕಾಲು! ಯಾವ ಪಾಪಿ ಹೆತ್ತು ಸುತ್ತಿ ಎಸೆದಳೋ ಅಂತ ಕಿರುಚಿಬಿಟ್ಟೆ. ಡಾಕ್ಟರು ಓಡಿ ಬಂದು ಎದೆ ಮೇಲೆ ಕೊಳವೆ ಇಟ್ಟು ನೋಡಿದ್ರು."

"ಡಾಕ್ಟರು ಏನಂದ್ರು?" ಅಂದ ಹಾರನ್.

"ಹುಳ ಹಿಡಿದಿಲ್ಲ, ಆರೋಗ್ಯವಾಗಿದೆ ಅಂದ್ರು."

ಮತ್ತೆ ವಾರ್ಡಿಗೆ ವಾರ್ಡೇ ನಕ್ಕಿತು. ದಾದಿ ಬೆರಳು ಚಾಚಿದಳು. ತೊಟ್ಟಿಲುಗಳೆಲ್ಲ ಭರ್ತಿ, ಒಂದೊಂದರಲ್ಲಿ ಎರಡೆರಡು. ಗೋಡೆಗೆ ಒತ್ತಿ ನಿಲ್ಲಿಸಿದ್ದ ಬಟ್ಟೆ ಗಾಡಿಯ ಕೆಳ ಅಂತಸ್ತಿನಲ್ಲಿ, ಮಡಿಸಿದ ಹೊದಿಕೆಗಳ ನಡುವೆ, ಆಸ್ಪತ್ರೆಯ ಗುರುತಿನ ಅದೇ ಬಟ್ಟೆ ಹೊದ್ದು ಬಾಲಯೇಸು ಮಲಗಿದ್ದ. ತಲೆಗೆ ಹಳದಿ ಉಣ್ಣೆಯ ಟೊಪ್ಪಿ.

"ಟೊಪ್ಪಿ?" ಎಂದ ಇಸ್ತ್ರಿಯಣ್ಣ.

"ನಾನು ಹಾಕಿದ್ದು," ಅಂದಳು ಮಂಚದ ತುದಿಯಲ್ಲಿ ಕೂತು ಹೆಣೆಯುತ್ತಿದ್ದ ಒಬ್ಬ ಅಜ್ಜಿ. ಹುಟ್ಟಿದ ಮೊಮ್ಮಗಳಿಗೆಂದು ಹೆಣೆದದ್ದಂತೆ. "ಈ ಚಳೀಲಿ ಬರೀ ತಲೇಲಿ ಬಿಡ್ತಾರಾ? ಮರದ್ದಾದ್ರೇನು, ತಲೆ ತಲೇನೇ. ನಮ್ಮ ಪುಟ್ಟಿಗೆ ಇನ್ನೊಂದು ಹೆಣೀತೀನಿ."

ಇಸ್ತ್ರಿಯಣ್ಣ ಗಾಡಿಯ ಮುಂದೆ ಮಂಡಿಯೂರಿ ಕೂತ. ಕಿರುಬೆರಳು ನೋಡಿದ, ಇತ್ತು. ಕೆನ್ನೆ ನೋಡಿದ, ಹೊಸ ಗೀರಿಲ್ಲ. ಬೀರುವಿನ ಮೇಲಿದ್ದಾಗ ಅವನು ಕೆಳಗಿನಿಂದ ನೋಡಿದ್ದು ಬರೀ ಗಂಟನ್ನು. ಈಗ ಮುಖವನ್ನು ತಾನೇ ಮೇಲಿನಿಂದ ನೋಡುತ್ತಿದ್ದ. ಕಾಲಿನ ಹತ್ತಿರ, ನೆಲಕ್ಕೆ ಗೇಣು ಅಂತರದಲ್ಲಿ. ಸುತ್ತ ಡೆಟಾಲಿನ ವಾಸನೆ, ಹಾಲಿನ ವಾಸನೆ, ಅಳುವ ಕೂಸುಗಳು. ಎಲ್ಲಿಯೂ ಜಾಗವಿಲ್ಲದ ಕೋಣೆಯಲ್ಲಿ ಯಾರೋ ಸರಿಸಿ ಮಾಡಿಕೊಟ್ಟ ಇಷ್ಟಗಲ. ಎರಡು ಕೈಯಲ್ಲೂ ಎತ್ತಲು ಹೋದ.

"ಹಾಂ ಹಾಂ!" ದಾದಿ ತಡೆದಳು. "ನಮ್ಮ ವಾರ್ಡಿನ ರೂಲು ಗೊತ್ತಿಲ್ವಾ? ಇಲ್ಲಿಂದ ಯಾವ ಮಗು ಹೋದ್ರೂ ಬಾಗಿಲ ತನಕ ದಾದಿ ಕೈಯಲ್ಲೇ ಹೋಗೋದು. ಮರದ್ದಕ್ಕೆ ಬೇರೆ ರೂಲಿಲ್ಲ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ಸಿಕ್ತಾ?"

"ಸಿಕ್ತು! ಸಿಕ್ತು ಕಣೇ! ಇನ್ನೊಂದೆರಡು ಹಾಡು ಹಾಡಿಸ್ತಿರು, ಹಾರ್ಕೊಂಡು ಬರ್ತೀವಿ."

"ನಾನು ಹೇಳ್ಬಿಟ್ಟೆ."

"ಏನಂತ?"

"ಮಗು ಆಸ್ಪತ್ರೇಲಿದೆ ಅಂತ. ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ ರೀ. ಎಲ್ಲಾ ಅಲ್ಲಿಗೇ ಹೊರಟ್ರು. ನಾನೂ ಬರ್ತಾ ಇದ್ದೀನಿ, ರಸ್ತೇಲಿದ್ದೀನಿ. ಕೇಳಿಸ್ತಾ ಇದೆಯಾ?"

ಕೇಳಿಸುತ್ತಿತ್ತು. ಫೋನಿನಲ್ಲೂ, ಕಿಟಕಿಯಲ್ಲೂ. ದೂರದಿಂದ ಹಾಡು.

ವಾರ್ಡಿನ ಕಿಟಕಿಗಳಿಗೆ, ಏಳಬಲ್ಲ ಬಾಣಂತಿಯರೆಲ್ಲ ಎದ್ದು ಬಂದರು. ಕೆಳಗೆ, ಮುಂಬಾಗಿಲಿನ ಕಾವಲುಗಾರ ಅಷ್ಟು ಜನರನ್ನು ಒಳಗೆ ಬಿಡಲಾರೆ ಎಂದು ಹಿಂದಕ್ಕೆ ಕಳಿಸಿದ್ದ. ಹಾಗಾಗಿ ಇಡೀ ಸಭೆ, ಮೇಣದ ಬತ್ತಿಗಳ ಸಾಲು, ಹೊಸ ಬಟ್ಟೆ, ಹೊಸ ಬೂಟು, ಕಟ್ಟಡ ಸುತ್ತಿಕೊಂಡು ಹಿಂದಿನ ಅಂಗಳಕ್ಕೆ ಬರುತ್ತಿತ್ತು. ಒಗೆಯಲು ಹೋಗಬೇಕಾದ ಗಂಟುಗಳು ಗುಡ್ಡೆ ಬಿದ್ದಿರುವ ಅಂಗಳ. ಪ್ರತಿಯೊಂದರ ಗುರುತೂ ಒಳಗೆ.

ಇಸ್ತ್ರಿಯಣ್ಣನಿಗೆ ನಾಚಿಕೆಯಾಗಬೇಕಿತ್ತು. ಆಗುತ್ತದೆಂದು ಕಾದ. ಬದಲಿಗೆ ಅವನ ಕಾಲುಗಳು ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿದ್ದವು. ಮುಂದೆ ದಾದಿ, ತೋಳಲ್ಲಿ ಹಳದಿ ಟೊಪ್ಪಿಯ ಮಗು; ಅವಳ ಹಿಂದೆ ಬಟ್ಟೆ ಕೋಣೆಯ ಹೆಂಗಸು; ಅವಳ ಹಿಂದೆ ಯಾರೂ ಕರೆಯದಿದ್ದರೂ ಹೊರಟ ಅಜ್ಜಿ.

ಬಾಗಿಲು ತೆರೆದಾಗ ಹಾಡು ತಟ್ಟನೆ ನಿಂತಿತು. ಮುಂದಿನ ಸಾಲಿನಲ್ಲಿ ಗುರುಗಳು, ಅವರ ಪಕ್ಕ ಹೆಡ್‌ಮಾಸ್ತರು. ಅವರ ಕಂಕುಳಲ್ಲಿ ಖಾಲಿ ಮಖಮಲ್ ಪೆಟ್ಟಿಗೆ. ಹೆಂಡತಿ ಅದನ್ನು ಮಂಚದ ಕೆಳಗಿನಿಂದ ಎಳೆದು, "ಇದನ್ನ ನೀವು ಹಿಡ್ಕೊಳ್ಳಿ ಸಾರ್," ಎಂದು ಅವರ ಕೈಗೇ ಕೊಟ್ಟಿದ್ದಳಂತೆ.

ಹೆಡ್‌ಮಾಸ್ತರು ಮುಂದೆ ಬಂದು ಪೆಟ್ಟಿಗೆಯ ಮುಚ್ಚಳ ತೆರೆದು ದಾದಿಯ ಮುಂದೆ ಹಿಡಿದರು.

"ಇದೇನು?" ಅಂದಳು ದಾದಿ. "ಕೂಸನ್ನ ಪೆಟ್ಟಿಗೇಲಿ ಹಾಕ್ತಾರಾ? ಕೈ ಕೊಡಿ ಸಾರ್. ತಲೆ ಕೆಳಗೆ ಒಂದು ಕೈ, ಹೀಗೆ."

ಗುಂಪಿನಲ್ಲಿ ಇಸ್ತ್ರಿಯಣ್ಣನ ಹೆಂಡತಿ ಗಂಡನ ಕಡೆ ನೋಡಿ ಹುಬ್ಬು ಹಾರಿಸಿದಳು. ಹೆಡ್‌ಮಾಸ್ತರು ಪೆಟ್ಟಿಗೆಯನ್ನು ಎಲ್ಲಿಡುವುದೆಂದು ಸುತ್ತ ನೋಡಿದರು. ಕೊಳೆ ಗಂಟುಗಳ ಹೊರತು ಜಾಗವಿರಲಿಲ್ಲ. ಅದರ ಮೇಲೇ ಇಟ್ಟರು. ಅವರ ಮನೆಯಲ್ಲಿ ಮಗು ಎಷ್ಟೋ ಸಲ ಇದ್ದದ್ದುಂಟು. ಪೆಟ್ಟಿಗೆಯಲ್ಲಿ ಬಂದು ಪೆಟ್ಟಿಗೆಯಲ್ಲೇ ಹೋಗಿತ್ತು. ಈಗ ಕೈಗೆ ಬಂದದ್ದೇ ಅವರ ಮೊಣಕೈಗಳು ತಾವಾಗಿಯೇ ಮಡಚಿಕೊಂಡವು, ಬೆನ್ನು ಸ್ವಲ್ಪ ಬಾಗಿತು, ಹರಿದ ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒಳಗೆ ಸೇರಿಸಿದರು. ಗಂಟಲು ಕೆರೆದುಕೊಂಡರು. ಏನೂ ಹೇಳಲಿಲ್ಲ. ಅವರು ಸುಮ್ಮನಿದ್ದದ್ದು ಇಸ್ತ್ರಿಯಣ್ಣ ಹೆದರಿದ್ದ ರೀತಿಯ ಸುಮ್ಮನಿರುವಿಕೆ ಆಗಿರಲಿಲ್ಲ.

ಆಗ ಮೇಲಿನ ಕಿಟಕಿಯಿಂದ ಒಂದು ನಿಜವಾದ ಕೂಸು ಕಿಟಾರನೆ ಅತ್ತಿತು. ಅದನ್ನು ಕೇಳಿ ಇನ್ನೊಂದು, ಮತ್ತೊಂದು. ಹಾಡಿನ ತಂಡದವರು ನಗುತ್ತಲೇ ಶ್ರುತಿ ಹಿಡಿದರು. ಹಾರನ್ ಓಡಿ ಹೋಗಿ ವ್ಯಾನಿನ ಹಾರನ್ ಒತ್ತಿದ. ಎಂದೂ ಒಂದೇ ತಾಳಕ್ಕೆ ಬಾರದ ಆ ಸಭೆ ಆ ದಿನ ಕೂಸುಗಳ ಅಳು, ವ್ಯಾನಿನ ಸದ್ದು ಎಲ್ಲದರ ಮೇಲೆ ತೇಲಿ ಹಾಡಿತು. ಕಿಟಕಿಯ ಬಾಣಂತಿಯರು ಚಪ್ಪಾಳೆ ತಟ್ಟಿದರು. ಹಾಡುತ್ತಲೇ ಚರ್ಚಿನವರೆಗೆ ನಡೆದರು. ದಾರಿಯುದ್ದಕ್ಕೂ ಮಗು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟುತ್ತ ಹೋಯಿತು. ಹಿಂದೆಂದೂ ಹೀಗೆ ಆಗಿರಲಿಲ್ಲ. ಪೆಟ್ಟಿಗೆಯನ್ನು ಯಾರು ತಾನೇ ಮುದ್ದಾಡಿಯಾರು?

ಮಗು ಗೋದಲಿಯ ಹುಲ್ಲಿನ ಮೇಲೆ ಮಲಗಿದ ಮೇಲೆ ಗುರುಗಳು ಬರೆದು ತಂದಿದ್ದ ಉಪದೇಶದ ಹಾಳೆಗಳನ್ನು ಮಡಚಿ ಪಕ್ಕಕ್ಕಿಟ್ಟರು. "ನಾನು ತುಂಬ ಓದಿಕೊಂಡು ಬಂದಿದ್ದೆ," ಅಂದರು. "ಈಗ ಒಂದೇ ಮಾತು ಉಳಿದಿದೆ. ಕುರುಬರಿಗೆ ದೂತ ಹೇಳಿದ, ಮಗು ಬಟ್ಟೆ ಸುತ್ತಿಕೊಂಡು ಗೋದಲಿಯಲ್ಲಿ ಮಲಗಿದೆ ಅಂತ. ಅವರು ಓಡಿದರು. ದೇವರ ಮಗ ಅಲ್ಲಿ ಯಾಕೆ ಇದ್ದಾನೆ ಅಂತ ಒಬ್ಬನೂ ನಿಂತು ಕೇಳಲಿಲ್ಲ. ಇವತ್ತು ನೀವೂ ಕೇಳಲಿಲ್ಲ. ಆಸ್ಪತ್ರೇಲಿದೆ ಅಂದ ಕೂಡಲೇ ಓಡಿದಿರಿ. ನನಗಿಂತ ಮುಂದೆ ಓಡಿದಿರಿ."

ಆಮೇಲೆ ಬೆಂಚುಗಳಿಂದ ಬೆಂಚುಗಳಿಗೆ ಕೈ ಕುಲುಕುವ ಗಲಾಟೆ. ಇಸ್ತ್ರಿಯಣ್ಣನ ಬೆನ್ನು ತಟ್ಟಿ ತಟ್ಟಿ ಜನ ನೋಯಿಸಿದರು. "ಮುಂದಿನ ವರ್ಷ ಮಗೂನ ಎಲ್ಲಿ ಕಳ್ಕೊಳ್ತೀಯಪ್ಪಾ, ಮೊದಲೇ ಹೇಳು, ಹತ್ತಿರ ಇರೋ ಕಡೆ ಕಳ್ಕೋ," ಎಂದು ಒಬ್ಬರು. "ಡಾಕ್ಟರ ಹತ್ರ ತೋರಿಸಿದ್ದು ಒಳ್ಳೇದಾಯ್ತು," ಎಂದು ಇನ್ನೊಬ್ಬರು. ಅವನ ಕಾಲಲ್ಲಿದ್ದ ಹೆಂಡತಿಯ ಚಪ್ಪಲಿ ಕಂಡು ಇನ್ನೊಂದು ಸುತ್ತು ನಗು. ಅವನೂ ನಕ್ಕ. ನಗುತ್ತ ನಗುತ್ತ ಗೋದಲಿಯ ಬಳಿ ಬಂದ.

ಹೆಡ್‌ಮಾಸ್ತರು ಅಲ್ಲೇ ನಿಂತಿದ್ದರು. ಹಳದಿ ಟೊಪ್ಪಿ ಸ್ವಲ್ಪ ಓರೆಯಾಗಿತ್ತು, ಸರಿ ಮಾಡಿದರು.

"ವರ್ಷ ಪೂರ್ತಿ ಎಲ್ಲಿಟ್ಟಿದ್ರಿ ಇಸ್ತ್ರಿಯಣ್ಣಾ?" ಅಂದರು ಮೆಲ್ಲಗೆ.

"ಬೀರು ಮೇಲೆ ಸಾರ್."

"ಅಷ್ಟೊಂದು ಬಟ್ಟೆ ಗಂಟಿನ ಮಧ್ಯೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಜಾಗ ಸಾಕಾಯ್ತಾ?"

ಅದೇ ಪದ. ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ವರ್ಷವಿಡೀ ತೀಡಿ ಮಡಿಸಿಟ್ಟ ಉತ್ತರಗಳೆಲ್ಲ ಇಸ್ತ್ರಿಯಣ್ಣನ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತವು, ಒಂದಕ್ಕಿಂತ ಒಂದು ಗರಿಗರಿಯಾಗಿ. ಅವನು ಹೆಡ್‌ಮಾಸ್ತರ ಕೈಗಳನ್ನು ನೋಡಿದ. ಮಗುವನ್ನು ಇಳಿಸಿ ಅಷ್ಟು ಹೊತ್ತಾದರೂ ಮೊಣಕೈಗಳು ಇನ್ನೂ ಸ್ವಲ್ಪ ಮಡಚಿದಂತೆಯೇ ಇದ್ದವು.

"ಸಾಕಾಯ್ತು ಸಾರ್," ಅಂದ. "ಪೆಟ್ಟಿಗೆಗೆ ಮಾತ್ರ ಸ್ವಲ್ಪ ಕಷ್ಟ ಆಯ್ತು."

ಹೆಡ್‌ಮಾಸ್ತರು ನಕ್ಕರು. ಪೆಟ್ಟಿಗೆ ಆಸ್ಪತ್ರೆಯ ಅಂಗಳದಲ್ಲೇ, ಕೊಳೆ ಗಂಟಿನ ಮೇಲೆ ಉಳಿದಿದೆ ಎಂದು ಇಬ್ಬರಿಗೂ ಆಗಲೇ ನೆನಪಾದದ್ದು. ಇಬ್ಬರೂ ಅದನ್ನು ತರಲು ಹೊರಡಲಿಲ್ಲ.

ಚೀಟಿ ಬಂದ ಆ ದಿನ ಪರದೆಯ ಹಿಂದೆ ತಾನಿದ್ದೆನೆಂದು ಇಸ್ತ್ರಿಯಣ್ಣ ಹೆಡ್‌ಮಾಸ್ತರಿಗೆ ಎಂದೂ ಹೇಳಲಿಲ್ಲ.